ನಿದ್ದೆಯನ್ನು ನೋಡಿದವರು

ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಹಿಂದೂಪುರದ ಆಸ್ಪತ್ರೆಯಿಂದ ಊರಿಗೆ ಬಂದ ಮೇಲೆ ಲಕ್ಷ್ಮೀನರಸಪ್ಪನವರು ನೋಡಲು ಬಂದವರೊಡನೆಲ್ಲ ಚೆನ್ನಾಗಿಯೇ ಮಾತಾಡಿದರು. ಈಗ ಹೊಟ್ಟೆ ಕೊಯ್ಯುವುದೇ ಇಲ್ಲ, ಪೆನ್ನು ತೂರುವಷ್ಟು ತೂತು ಮಾಡಿ ಕಲ್ಲು ತೆಗೆಯುತ್ತಾರೆ ಎಂದು ಅಂಗಿ ಎತ್ತಿ ತೋರಿಸಿದರು. ಪಕ್ಕದ ಮಂಚದವನ ಹೆಂಡತಿ ತನ್ನ ಗಂಡನಿಗೆ ತಂದ ಗಂಜಿಯಲ್ಲಿ ತಮಗೂ ಒಂದು ಲೋಟ ಎತ್ತಿಡುತ್ತಿದ್ದಳು ಎಂದು ಹೇಳಿ ಹೇಳಿ ಹೊಗಳಿದರು. ಅಮಾವಾಸ್ಯೆಯ ಮಾತು ಬಂದರೆ ಮಾತ್ರ ಎದ್ದು ಹೋಗಿ ಹಸುವಿನ ಮುಂದೆ ನಿಂತುಬಿಡುತ್ತಿದ್ದರು.

ಆದರೆ ಅಮಾವಾಸ್ಯೆ ಬರುವುದನ್ನು ತಡೆಯಲಾಗುವುದಿಲ್ಲವಲ್ಲ. ಅವರ ತಮ್ಮನ ಮಗ ತಿಮ್ಮರಾಜು ಒಂದು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಬೈಕಿನ ಮೇಲೆ ಹೇರಿಕೊಂಡು ಹೋಗುವವನು ಅಂಗಳದಲ್ಲಿ ನಿಂತು ಕೇಳಿಯೇ ಬಿಟ್ಟ.

"ದೊಡ್ಡಪ್ಪ, ಈ ಅಮಾಸೆಗೆ ನಂಗೂ ದುರ್ಗಂಗೂ ಬೋಧೆ ಕೊಡ್ತೀಯ ಅಲ್ವಾ? ಅವ್ಳು ಆಗ್ಲೇ ತೌರುಮನೆಗೂ ಹೇಳ್ಬುಟ್ಟವ್ಳೆ."

"ನೋಡಾನ ಇರೋ. ಹೊಲಿಗೆ ಇನ್ನೂ ಹಸಿ ಐತೆ."

"ಬೋಧೆ ಬಾಯಲ್ಲಿ ಹೇಳೋದು ತಾನೆ? ಹೊಟ್ಟೇಲಲ್ಲವಲ್ಲ," ಎಂದು ನಕ್ಕು ತಿಮ್ಮರಾಜು ಹೊರಟುಹೋದ. ಲಕ್ಷ್ಮೀನರಸಪ್ಪನವರು ನಗಲಿಲ್ಲ.

ಅಗಳಿಯಿಂದ ಆಚೆಗಿನ ಆ ಊರಿನಲ್ಲಿ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಇವರ ಪಡಸಾಲೆಯಲ್ಲಿ ಭಜನೆ ನಡೆಯುತ್ತದೆ. ಭಜನೆಯಾದ ಮೇಲೆ, ಕೇಳಿಕೊಂಡವರು ಯಾರಾದರೂ ಇದ್ದರೆ, ಬೋಧೆ. ಅದಕ್ಕೆ ಹೋಮ ಹವನ ಏನೂ ಇಲ್ಲ. ಕಂಬಳಿ ಮಡಿಸಿ ಹಾಕಿ ಕೇಳುವವರನ್ನು ಎದುರಿಗೆ ಕೂರಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳುವುದು ಅಷ್ಟೆ. ಎಚ್ಚರದಲ್ಲಿ ಲೋಕ ಕಾಣುತ್ತದೆ. ಕನಸಿನಲ್ಲಿ ಇನ್ನೊಂದು ಲೋಕ ಕಾಣುತ್ತದೆ. ಗಾಢವಾದ ನಿದ್ದೆಯಲ್ಲಿ ಯಾವುದೂ ಕಾಣುವುದಿಲ್ಲ. ಆದರೂ ಎದ್ದವರು 'ಸುಖವಾಗಿ ನಿದ್ದೆ ಬಂತು' ಎನ್ನುತ್ತಾರೆ. ಏನೂ ಕಾಣದ ಕಡೆ ಸುಖವಾಗಿತ್ತು ಎಂದು ನೋಡಿ ಬಂದು ಹೇಳಿದವನು ಯಾರು? ಅವನು ಮಲಗಿರಲಿಲ್ಲ. ಎಚ್ಚರ, ಕನಸು, ನಿದ್ದೆ ಮೂರನ್ನೂ ನೋಡುವ ಆ ನಾಲ್ಕನೆಯವನೇ ನೀನು. ಇಷ್ಟು ಹೇಳಿ ಕೊನೆಗೆ, ಬೋಧೆ ಕೊಡುವವನು ಕೇಳುವವನ ತಲೆಯ ಮೇಲೆ ಕೈಯಿಟ್ಟು, "ಕಂಡು ಹೇಳ್ತಿದ್ದೀನಿ, ಕೇಳಿ ಹೇಳ್ತಿಲ್ಲ," ಎನ್ನಬೇಕು. ಆ ಮಾತಿಲ್ಲದೆ ಬೋಧೆ ಪೂರ್ತಿಯಾಗುವುದಿಲ್ಲ.

ಲಕ್ಷ್ಮೀನರಸಪ್ಪನವರು ಆ ಮಾತನ್ನು ಎಷ್ಟೋ ತಲೆಗಳ ಮೇಲೆ ಕೈಯಿಟ್ಟು ಹೇಳಿದ್ದರು. ಸುಳ್ಳು ಹೇಳಿದವರಲ್ಲ. ದಿನವೂ ಬೆಳಿಗ್ಗೆ ಎದ್ದ ಕೂಡಲೆ, ಕಣ್ಣು ತೆರೆಯುವ ಮುಂಚೆ, ಆ ನಿದ್ದೆಯ ತಂಪು ಇನ್ನೂ ಮೈಯಲ್ಲಿ ಇರುವುದನ್ನು ಅವರು ಗಮನಿಸುತ್ತಿದ್ದರು. ಅದೇ ಅವರ ಪುರಾವೆ. ಈಗ ಆ ಪುರಾವೆ ಕೈಬಿಟ್ಟುಹೋಗಿತ್ತು. ಇನ್ನೊಂದು ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಅವರಿಗೆ ಮಲಗಲು ಹೆದರಿಕೆ. ರೆಪ್ಪೆ ಭಾರವಾದರೆ ಎದ್ದು ಕೂರುತ್ತಿದ್ದರು.

ಯಾರಿಗೂ ಹೇಳದಿದ್ದರೂ ಹೆಂಡತಿ ದೊಡ್ಡಕ್ಕನಿಗೆ ಗೊತ್ತಿತ್ತು. ಅವರು ಕೇಳಿ ತಿಳಿಯುವ ಜಾತಿಯಲ್ಲ, ನೋಡಿ ತಿಳಿಯುವ ಹೆಂಗಸು. ಒಂದು ದಿನ ಮಧ್ಯಾಹ್ನ ಮುದ್ದೆ ಬಡಿಸಿ ಎದುರಿಗೇ ಕೂತರು.

"ಏನಾಯ್ತು ಹೇಳಿ ಅತ್ಲಾಗೆ. ಅಮಾಸೆ ಅಂದ್ರೆ ಹಾವು ತುಳ್ದಂಗೆ ಆಡ್ತೀರ."

"ನಾನಿರ್ಲಿಲ್ಲ ಕಣೆ."

"ಎಲ್ಲಿರ್ಲಿಲ್ಲ?"

"ಆಪರೇಷನ್ ರೂಮಲ್ಲಿ."

ಅವರು ಮುದ್ದೆ ಮುರಿಯುತ್ತ ಹೇಳಿದರು. ಮಂಪರು ಕೊಡುವ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಇವರ ಕೈ ತಣ್ಣಗಿದೆ ಎಂದು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದಳು. "ತಾತಾ, ಭಯಪಡಕಂಡಿ. ನಿದ್ರಪೋತಾರು, ಅಂತೇ," ಎಂದಳು. ಹೆದರಬೇಡಿ, ನಿದ್ದೆ ಹೋಗುತ್ತೀರಿ, ಅಷ್ಟೆ ಎಂದು. ಇವರಿಗೆ ಹೆದರಿಕೆಯೇ ಇರಲಿಲ್ಲ, ಒಳಗೊಳಗೇ ಹುಮ್ಮಸ್ಸು. ಇಷ್ಟು ವರ್ಷ ಹೇಳಿದ್ದನ್ನು ಇವತ್ತು ಚೆನ್ನಾಗಿ ನೋಡಿಬಿಡೋಣ, ಎಲ್ಲರೂ ಮಲಗಿದ ಮೇಲೆ ಆ ನಾಲ್ಕನೆಯವನು ಹೇಗೆ ಕೂತಿರುತ್ತಾನೋ ಎಂದು ಕಾದುಕೊಂಡು ಮಲಗಿದ್ದರು.

"ಅವ್ಳು ಮೂಗಿಗೆ ಅದೇನೋ ಹಿಡಿದ್ಲು. ಆಮೇಲೆ ವಾರ್ಡಿನ ಹಸಿರು ಪರದೆ ಕಾಣ್ತು. ಮಧ್ಯೆ ಏನೂ ಇಲ್ಲ."

"ಮಂಪರು ಅಂದ್ಮೇಲೆ ಇನ್ನೇನಿರ್ತೈತೆ?"

"ಕತ್ಲೆನೂ ಇರ್ಲಿಲ್ಲ ಅಂತ ಹೇಳ್ತಿರೋದು ನಾನು. ನಿದ್ದೇಲಿ ಆದ್ರೆ ಎದ್ದಾಗ ಗೊತ್ತಾಯ್ತೈತೆ, ಮಲಗಿದ್ದೆ, ಹೊತ್ತೋಯ್ತು, ಸುಖವಾಗಿತ್ತು ಅಂತ. ಅಲ್ಲಿ ಹೊತ್ತೇ ಹೋಗ್ಲಿಲ್ಲ. ಬಟ್ಟೆ ಕತ್ತರಿಸಿ ಆ ಕಡೆ ತುಂಡು ಈ ಕಡೆ ತುಂಡು ಸೇರಿಸಿ ಹೊಲ್ದಂಗೆ. ನೋಡೋನು ಮಲಗೋದೇ ಇಲ್ಲ ಅಂತ ಅಷ್ಟು ಜನಕ್ಕೆ ತಲೆ ಮುಟ್ಟಿ ಹೇಳಿದೀನಲ್ಲ, ಅವತ್ತು ಅವ್ನೆಲ್ಲಿಗೋದ?"

"ಅವ್ನಿಗೂ ಚುಚ್ಚಿದ್ರೇನೋ ಸೂಜಿಯ," ಎಂದರು ದೊಡ್ಡಕ್ಕ.

ಲಕ್ಷ್ಮೀನರಸಪ್ಪನವರಿಗೆ ತಡೆಯಲಾರದ ನಗು ಬಂತು. ಹೊಲಿಗೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು, "ತಿಮ್ಮರಾಜನ ತಲೆ ಮೇಲೆ ಕೈಯಿಟ್ಟು ಕಂಡು ಹೇಳ್ತಿದ್ದೀನಿ ಅನ್ನಕ್ಕೆ ನಂಗಾಗಲ್ಲ ಕಣೆ," ಎಂದರು.

ಆ ಬೋಧೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅವರಲ್ಲಿ ಸಿದ್ಧ ಉತ್ತರವಿತ್ತು. ಉಪನಿಷತ್ತುಗಳ ಕಾಲದಲ್ಲಿ ಕಾಡಿನಲ್ಲಿ ಕುಳಿತ ಋಷಿಗಳು ಕಂಡರು, ಶಿಷ್ಯರಿಗೆ ಹೇಳಿದರು, ಬಾಯಿಂದ ಬಾಯಿಗೆ ಬಂದು ರಾಯದುರ್ಗದ ಕಡೆಯ ನಮ್ಮ ಗುರು ಗೋಪಾಲಪ್ಪ ತಾತನವರಿಗೆ ತಲುಪಿತು, ತಾತನವರಿಂದ ನಮಗೆ. ಈಗ ಆ ಸರಪಳಿಯ ಮೊದಲ ಕೊಂಡಿಯ ಮೇಲೆಯೇ ಅವರಿಗೆ ಅನುಮಾನ. ಮೊದಲು ಕಂಡವನು ಕಂಡದ್ದಾದರೂ ಹೇಗೆ? ಅವನಿಗೆ ಹೇಳಿದವರು ಯಾರೂ ಇರಲಿಲ್ಲವಲ್ಲ.

"ತಾತನೋರು ಇಲ್ದಿದ್ರೆ ಏನಂತೆ," ಎಂದರು ದೊಡ್ಡಕ್ಕ ತಟ್ಟೆ ಎತ್ತುತ್ತ. "ಅವರ ಸೊಸೆ ಇನ್ನೂ ಅವ್ರೆ ಅಂತಲ್ಲ, ಉಚ್ಚಂಗಮ್ಮ. ಹೋಗಿ ಕೇಳ್ಕಂಡು ಬರಾನ ನಡೀರಿ. ನಾನೂ ಬತ್ತೀನಿ."

ಮಡಕಶಿರಾದಿಂದ ಪಾವಗಡ, ಅಲ್ಲಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಲಕ್ಷ್ಮೀನರಸಪ್ಪನವರ ಕೈ ಹೊಟ್ಟೆಗೆ ಹೋಗುತ್ತಿತ್ತು. ಕಲ್ಯಾಣದುರ್ಗದಲ್ಲಿ ಹತ್ತಿದ ಕಾಲೇಜು ಹುಡುಗಿಯೊಬ್ಬಳು ಅದನ್ನು ನೋಡಿ ಏನೂ ಕೇಳದೆ ತನ್ನ ಬ್ಯಾಗನ್ನು ಅವರ ಬೆನ್ನಿಗೆ ಒರಗಿಸಿ ಕೊಟ್ಟಳು. ತಾನು ಇಳಿಯುವಾಗ, ಅವರು ಇನ್ನೊಂದು ಸ್ವಲ್ಪ ದೂರ ಅದನ್ನು ಇಟ್ಟುಕೊಂಡಿದ್ದರೆ ಆಗುತ್ತಿತ್ತು ಎನ್ನುವ ಮುಖ ಮಾಡಿ ತೆಗೆದುಕೊಂಡು ಹೋದಳು. ರಾಯದುರ್ಗದಿಂದ ನೇಮಕಲ್ಲಿನ ದಾರಿಯಲ್ಲಿರುವ ಆ ಹಳ್ಳಿಗೆ ಆಟೋ. ಡ್ರೈವರ್ ಓಬುಲೇಶ್ ಬಾಗಿಲ ಮುಂದೆ ಇಳಿಸಿ, ಒಳಗಿನಿಂದ ಯಾರಾದರೂ ಬರುವವರೆಗೂ ಗಾಡಿ ತಿರುಗಿಸದೆ ನಿಂತಿದ್ದ.

ಉಚ್ಚಂಗಮ್ಮ ಜಗಲಿಯ ಮೇಲೆ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ಮುದುಕಿ ಸಣ್ಣಗಾಗಿದ್ದಳು, ದನಿ ಮಾತ್ರ ಹಾಗೆಯೇ ಇತ್ತು.

"ಯಾರ್ರಿ? ಮುಂದ ಬರ್ರಿ, ಕಣ್ಣು ಮಂದ ಆಗ್ಯಾವ."

"ನಾನಮ್ಮ. ಮಡಕಶಿರಾ ಕಡೆ ಲಕ್ಷ್ಮೀನರಸಪ್ಪ. ತಾತನ ಹತ್ರ ಬತ್ತಿದ್ದೆ, ಜಯಣ್ಣನ ಜೊತೆ."

"ಹುಳದೋರು!" ಎಂದು ಮುದುಕಿ ಕೈಯಲ್ಲಿದ್ದ ಕಾಯಿ ಬಿಟ್ಟಳು. "ಬರ್ರಿ ಬರ್ರಿ. ಈಗಾದ್ರೂ ಕುಂದುರ್ತೀರೋ, ಬಸ್ಸಿಗೆ ಹೊತ್ತಾತು ಅಂತೀರೋ?"

ಆ ಮನೆಯಲ್ಲಿ ಇವರಿಗೆ 'ಹುಳದೋರು' ಎಂದೇ ಹೆಸರು. ಪ್ರಾಯದಲ್ಲಿ ಇವರೂ ಇವರ ಊರಿನ ಜಯಣ್ಣನೂ ರೇಷ್ಮೆ ಹುಳ ಸಾಕುತ್ತಿದ್ದವರು. ಬೆಳಿಗ್ಗೆ ಹೊತ್ತಿಗೆ ಮುಂಚೆ ಮನೆ ಬಿಟ್ಟು ಮಧ್ಯಾಹ್ನ ಇಲ್ಲಿಗೆ ಬಂದು, ತಾತನವರು ಹೇಳಿದ್ದನ್ನು ಕೇಳಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಬೆಳೆ ಹೋದಂತೆಯೇ. ತಾತನವರು ಪ್ರತಿ ಸಲವೂ ಬಾಗಿಲ ತನಕ ಬಂದು, "ಇವತ್ತೊಂದು ದಿನ ಉಳಕೊಂಡು ಹೋಗ್ರಪ್ಪ," ಎನ್ನುತ್ತಿದ್ದರು. ಇವರು ಪ್ರತಿ ಸಲವೂ, "ಹುಳ ಐತೆ ತಾತ," ಎನ್ನುತ್ತಿದ್ದರು.

ಊಟವಾಯಿತು. ಲಕ್ಷ್ಮೀನರಸಪ್ಪನವರು ಆಸ್ಪತ್ರೆಯ ಕತೆಯನ್ನೆಲ್ಲ ಹೇಳಿದರು. ಉಚ್ಚಂಗಮ್ಮ ಕಾಯಿ ಸುಲಿಯುತ್ತಲೇ ಕೇಳಿದಳು. ದೊಡ್ಡಕ್ಕನೂ ಮೊರ ಹತ್ತಿರಕ್ಕೆ ಎಳೆದುಕೊಂಡು ಸುಲಿಯಲು ಕೂತರು.

"ಈಗ ನನ್ನ ಏನ್ ಕೇಳ್ತೀರಿ?"

"ತಾತನೋರು ನಿಜವಾಗ್ಲೂ ಕಂಡಿದ್ರಾ ಆ ನಾಲ್ಕನೆಯವನ್ನ?"

"ನನಗೇನ್ ಗೊತ್ರಿ! ನನಗ ಅವರು ಮಾವ. ಮಜ್ಜಿಗಿಗೆ ಉಪ್ಪು ಕಮ್ಮಿ ಆತು ಅಂತಿದ್ರು, ಅದು ಗೊತ್ತು."

"ಕಂಡು ಹೇಳ್ತಿದ್ದೀನಿ ಅಂತ ಅವರು ನಮಗೆ..." ಎಂದು ಲಕ್ಷ್ಮೀನರಸಪ್ಪನವರು ಶುರು ಮಾಡಿ ನಿಲ್ಲಿಸಿದರು. ತಾತನವರು ತಮ್ಮ ತಲೆಯ ಮೇಲೆ ಕೈಯಿಟ್ಟು ಆ ಮಾತು ಹೇಳಿದ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ಊರಿಗೆ ಹೋದ ಮೇಲೆ ತಾವೇ ಸೇರಿಸಿಕೊಂಡದ್ದಿರಬೇಕು.

"ಮಾವ ಹಂಗ ಎಂದೂ ಅಂದೋರಲ್ಲ," ಎಂದಳು ಉಚ್ಚಂಗಮ್ಮ. "ನೀವು ಬೆಳಿಗ್ಗೆ ಎಂದಾದ್ರೂ ಇಲ್ಲಿ ಇದ್ರೇನ್ರಿ? ಇಲ್ಲಲ್ಲ. ಅದಕ್ಕ ನಿಮಗ ಗೊತ್ತಿಲ್ಲ. ಉಳಕೊಂಡೋರಿಗೆ ಸಂಜಿಕ ಏನೂ ಹೇಳ್ತಿದ್ದಿಲ್ಲ. ಉಂಡು ಮಲಗ್ರಿ ಅಂತಿದ್ರು. ಬೆಳಿಗ್ಗೆ ಎದ್ದ ಕೂಡ್ಲೆ, ಇನ್ನ ಮುಖ ತೊಳದಿರಲ್ಲ, ಯಾರ ಕೂಡಾನೂ ಮಾತಾಡಿರಲ್ಲ, ಅಷ್ಟರಾಗ ಮುಂದ ಕುಂದುರಿಸಿಕೊಂಡು ಕೇಳೋರು. ನಿದ್ದಿ ಬಂತಾ? ಹೆಂಗಿತ್ತು? ಯಾರು ನೋಡ್ಯಾರ? ಅಷ್ಟ."

"ಅಷ್ಟೇನಾ ಬೋಧೆ?"

"ಅಷ್ಟ. ಒಬ್ಬೊಬ್ಬರು ಒಂದೊಂದು ಹೇಳೋರು. ಒಬ್ಬಾತ ಅತ್ತುಬಿಟ್ಟ. ಒಬ್ಬಾತ ನಮ್ಮವ್ವ ನೋಡ್ಯಾಳ ಅಂದ, ಆಕಿ ಸತ್ತು ಎಷ್ಟೋ ವರ್ಷ ಆಗಿತ್ತು."

"ಅದಕ್ಕೆ ತಾತ ಏನಂದ್ರು?"

"ಹೂಂ ಅಂದ್ರು. ಎಲ್ಲಾರಿಗೂ ಹೂಂ. ಇನ್ನೊಮ್ಮೆ ಬಂದಾಗ ಮತ್ತ ಕೇಳ್ತೀನಿ ಅಂತಿದ್ರು. ಹೊಳ್ಳಿ ಹೊಳ್ಳಿ ಬರೋರು ಜನ, ಅದನ್ನ ಕೇಳಿಸಿಕೊಳ್ಳಾಕ."

ಲಕ್ಷ್ಮೀನರಸಪ್ಪನವರು ಮುದುಕಿಯ ಹತ್ತಿರಕ್ಕೆ ಸರಿದರು. "ಮತ್ತೆ ನಮಗ್ಯಾಕೆ ಸಂಜೆಗೇ ಎಲ್ಲ ಹೇಳ್ಬುಟ್ರು? ಮಲಗದೆ ಇರೋನು ಒಬ್ಬ ಅವ್ನೆ ಅಂತ?"

"ನೀವು ಹೋಗೋರು. ಬರೇ ಕೈಲೆ ಹೆಂಗ ಕಳಿಸೋದು? ನಾನು ದಾರಿಗಂತ ರೊಟ್ಟಿ ಕಟ್ಟಿ ಕೊಡ್ತಿದ್ನೆಲ್ಲ, ಹಂಗ ಅವರೂ ಏನೋ ಕಟ್ಟಿ ಕೊಟ್ಟಾರ."

"ಉಳ್ಕಳ್ರಿ ಅಂತಿದ್ರು," ಎಂದರು ಲಕ್ಷ್ಮೀನರಸಪ್ಪನವರು ಮೆಲ್ಲಗೆ. "ಮನೆಗೆ ಬಂದೋರಿಗೆ ಎಲ್ರೂ ಅಂತಾರಲ್ಲ, ಅಂಗೇ ಅಂದ್ಕಂಡ್ವಿ ನಾವು. ಜೋರು ಮಾಡಿ ಹೇಳ್ಬೇಕಾಗಿತ್ತಮ್ಮ ಅವ್ರು."

"ನಾನು ಅಂದೆ ಒಮ್ಮೆ. ಯಾಕ ಮಾವ, ಆ ಹುಳದೋರಿಗೆ ಬಿಡಿಸಿ ಹೇಳಬಾರ್ದಾ ಅಂತ. ಅಲ್ಲಿ ಹುಳ ಹಸದಿರ್ತಾವ, ಹೋಗ್ಲಿ ಬಿಡವ್ವ ಅಂದ್ರು. ಜೋರು ಮಾಡಿ ಉಳಿಸಿಕೊಂಡ್ರ ನಿದ್ದಿ ಬರ್ತದೇನ್ರಿ? ನಿದ್ದಿನ ಬರಲಿಲ್ಲ ಅಂದ್ರ ಬೆಳಿಗ್ಗೆ ಏನಂತ ಕೇಳೋದು?"

ದೊಡ್ಡಕ್ಕ ಫಕ್ಕನೆ ನಕ್ಕರು. ಲಕ್ಷ್ಮೀನರಸಪ್ಪನವರು ಬೀದಿಯ ಕಡೆ ನೋಡುತ್ತ ಕೂತರು. ಊರಿನಲ್ಲಿ ತಮ್ಮ ಮಾತು ಕೇಳಿ ಎದ್ದುಹೋದವರ ಮುಖಗಳು ಒಂದೊಂದಾಗಿ ಬಂದವು. ಯಾರಿಗೂ ಕೆಟ್ಟದ್ದೇನೂ ಮಾಡಿರಲಿಲ್ಲ. ಆದರೆ ಯಾರನ್ನೂ ಒಂದು ಮಾತು ಕೇಳಿರಲಿಲ್ಲ.

"ಉಚ್ಚಂಗಮ್ಮ, ಎಲ್ಲರಿಗಿಂತ ಮೊದಲು ಇದನ್ನ ಕಂಡೋನು ಹೆಂಗೆ ಕಂಡಿರ್ಬೋದು?"

"ಯಾರೋ ಬೆಳಿಗ್ಗೆ ಎದ್ದಿರ್ತಾರ. ಮನ್ಯಾಗ ಇನ್ನೊಬ್ರು, ನಿದ್ದಿ ಬಂತೇನು ಅಂತ ಕೇಳಿರ್ತಾರ. ನಾವು ದಿನಾ ಕೇಳದಿಲ್ಲೇನು, ಹಂಗ. ಕೇಳಿದ್ದಕ್ಕ ಎದ್ದೋನು ವಿಚಾರ ಮಾಡ್ಯಾನ." ಮುದುಕಿ ಸಿಪ್ಪೆಯನ್ನು ಊದಿ ಹಾರಿಸಿದಳು. "ಒಬ್ಬನ ಇದ್ದೋನಿಗೆ ಅದು ಹೆಂಗ್ರಿ ತಿಳಿತದ? ಹಂಗಂತ ನನಗ ಅನ್ನಿಸ್ತದ. ಮಾವ ಏನೂ ಹೇಳಿಲ್ಲ."

ಸಂಜೆಯ ಬಸ್ಸಿಗೆ ಆಟೋ ಹೇಳಲೇ ಎಂದು ಉಚ್ಚಂಗಮ್ಮನ ಸೊಸೆ ಕೇಳಿದಳು. ಲಕ್ಷ್ಮೀನರಸಪ್ಪನವರು ಬೇಡವೆಂದರು.

ಮಂಚವಿದ್ದದ್ದು ಒಂದೇ. ಆ ಸೊಸೆ, ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರಿಗೆ ನೆಲ ಆಗದು ಎಂದು ಅದನ್ನು ಹೊರಗೆ ತಂದು ಹಾಕಿದಳು. ಹೊಸ ಜಾಗ, ಸೊಳ್ಳೆ, ಜೊತೆಗೆ ಹಳೆಯ ಹೆದರಿಕೆ. ಅವರಿಗೆ ನಿದ್ದೆ ಹತ್ತಿದ್ದು ಕೋಳಿ ಕೂಗುವ ಸುಮಾರಿಗೆ. ಕಣ್ಣು ಬಿಟ್ಟಾಗ ಮಂಚದ ಪಕ್ಕ ಉಚ್ಚಂಗಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದಳು. "ಮಾತಾಡಿಸಬ್ಯಾಡ್ರಿ ಅವರನ್ನ," ಎಂದು ದೊಡ್ಡಕ್ಕನಿಗೆ ಕೈಸನ್ನೆ ಮಾಡಿದಳು.

"ನಿದ್ದಿ ಬಂತೇನ್ರಿ?"

"ಬಂತು, ಸ್ವಲ್ಪ."

"ಹೆಂಗಿತ್ತು?"

"ಅಂಥಾ ಚೆನ್ನಾಗೇನೂ ಇರ್ಲಿಲ್ಲ."

"ಯಾರು ನೋಡ್ಯಾರ?"

ಇಷ್ಟು ವರ್ಷದ ಉತ್ತರ ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅವರು ಅದನ್ನು ಆಚೆಗೆ ಬಿಡಲಿಲ್ಲ. "ಗೊತ್ತಿಲ್ಲಮ್ಮ," ಎಂದರು.

"ಹೂಂ. ಆಸ್ಪತ್ರ್ಯಾಗಿಂದು ಅದೂ ಕೇಳ್ಲೇನು? ಅಲ್ಲಿ ಯಾರು ನೋಡ್ಯಾರ?"

ಲಕ್ಷ್ಮೀನರಸಪ್ಪನವರು ಎದ್ದು ಕೂತು ಹೊದಿಕೆ ಮಡಿಸಿದರು. "ಆ ಹುಡುಗಿ ನೋಡಿದ್ಲು," ಎಂದರು ಕೊನೆಗೆ. "ಆ ಡಾಕ್ಟ್ರು. ನಾನು ಇಲ್ದಾಗ ನನ್ ಉಸ್ರು ನೋಡ್ಕಂಡು ಕುಂತಿದ್ಲು."

ಉಚ್ಚಂಗಮ್ಮ ಅದಕ್ಕೂ ಹೂಂ ಎಂದಳು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದು, "ಚಾ ಮಾಡ್ತಾರ, ಕುಡಿಯೋರಂತ್ರಿ, ಏಳ್ರಿ," ಎಂದು ಒಳಗೆ ಹೋದಳು.

ಅಮಾವಾಸ್ಯೆಯ ಭಜನೆ ಎಂದಿನಂತೆ ನಡೆಯಿತು. ತಿಮ್ಮರಾಜು ಮಡಿ ಪಂಚೆ ಉಟ್ಟು, ದುರ್ಗಾ ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಕಂಬಳಿಯ ಎದುರಿಗೆ ಕೂತರು. ಲಕ್ಷ್ಮೀನರಸಪ್ಪನವರು ಕೈ ಎತ್ತಲಿಲ್ಲ.

"ಬೋಧೆ ನಾಳೆ ಬೆಳಿಗ್ಗೆ. ಇವತ್ತು ಇಲ್ಲೇ ಉಂಡು ಮಲಗ್ಬೇಕು," ಎಂದರು. ರಾಯದುರ್ಗದ ಕಡೆ ಹೋಗಿ ಕೇಳಿಕೊಂಡು ಬಂದದ್ದನ್ನು, ಆಸ್ಪತ್ರೆಯಲ್ಲಾದದ್ದನ್ನು, ಇನ್ನು ಮೇಲೆ ಕಂಡು ಹೇಳ್ತಿದ್ದೀನಿ ಎನ್ನುವ ಮಾತು ತಮ್ಮಿಂದ ಬರುವುದಿಲ್ಲ ಎನ್ನುವುದನ್ನು ಬಚ್ಚಿಡದೆ ಹೇಳಿದರು.

ಪಡಸಾಲೆ ಗುಜುಗುಜು ಎಂದಿತು. ಜಯಣ್ಣ ತಾಳ ಕೆಳಗಿಟ್ಟು ಎದ್ದೇ ನಿಂತ. "ಏನಯ್ಯ ಇದು? ನಾನೂ ಅಲ್ಲಿಗೆ ಬಂದೋನಲ್ವಾ? ನಂಗೆ ಗೊತ್ತಿಲ್ದೆ ಇರೋದು ಆ ಯಮ್ಮಂಗೆ ಗೊತ್ತಾ? ಹಂಗಾದ್ರೆ ನಮ್ದೆಲ್ಲ ಬೋಧೆನೇ ಅಲ್ವಾ?"

"ಅರ್ಧ ಅಂತಿಟ್ಕೋ. ಇನ್ನರ್ಧ ಕೇಳಿಸ್ಕಳದೆ ಬಸ್ಸು ಹತ್ತಿದ್ವಿ, ನಾನೂ ನೀನೂ."

"ಹುಳ ಇದ್ವಲ್ಲಯ್ಯ!"

"ಇದ್ವು. ತಪ್ಪು ಅಂತ ಯಾರೂ ಹೇಳ್ಲಿಲ್ಲ."

ಜಯಣ್ಣ ದುಸುಮುಸು ಎನ್ನುತ್ತ ಹೊರಟುಹೋದ. ತಿಮ್ಮರಾಜನಿಗೂ ಹುಳದ್ದೇ ಚಿಂತೆ. ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳ, ಹೊತ್ತುಹೊತ್ತಿಗೆ ಸೊಪ್ಪು ಬೇಡುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಪಕ್ಕದ ತೋಟದ ಮಾರೇಶ, "ನಾನು ಹಾಕ್ತೀನಿ ಬಿಡೋ, ಬೀಗದ ಕೈ ಕೊಡು," ಎಂದು ಕೈ ಚಾಚಿದ. ಅಲ್ಲಿಗೆ ಅದು ತೀರಿತು.

ಬೆಳಿಗ್ಗೆ ಲಕ್ಷ್ಮೀನರಸಪ್ಪನವರು ಎದ್ದು ಪಡಸಾಲೆಗೆ ಬಂದರೆ, ತಿಮ್ಮರಾಜು ದುರ್ಗಾ ಮಾತ್ರವಲ್ಲ, ತನ್ನ ಮನೆಯ ದಿಂಬಿನ ಸಮೇತ ಜಯಣ್ಣನೂ ಗೋಡೆಗೆ ಒರಗಿ ಕೂತಿದ್ದ. ಯಾವಾಗ ಬಂದು ಮಲಗಿದನೋ. ವಯಸ್ಸಿನಲ್ಲಿ ದೊಡ್ಡವನೆಂದು ಅವನನ್ನೇ ಮೊದಲು ಕೇಳಿದರು.

"ನಿದ್ದೆ ಬಂತೇನೋ?"

"ನಿನ್ ಗೊರಕೇಲಿ ಎಲ್ಲಿಂದ ಬರ್ಬೇಕು?"

"ಹೂಂ," ಎಂದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಹೆಂಡತಿಯ ಕಡೆ ನೋಡಬಾರದೆಂದು ತಿಮ್ಮರಾಜು ತಲೆ ತಗ್ಗಿಸಿದ್ದ. ಅವನು ತನಗೆ ಕನಸು ಬಿತ್ತೆಂದೂ, ಕನಸಿನಲ್ಲೂ ಸೊಪ್ಪು ಕೊಯ್ಯುತ್ತಿದ್ದೆನೆಂದೂ ಹೇಳಿದ. ಯಾರು ನೋಡಿದರು ಎಂದದ್ದಕ್ಕೆ, ಕೊಯ್ಯುತ್ತಿದ್ದವನೂ ನಾನೇ, ನೋಡುತ್ತಿದ್ದವನೂ ನಾನೇ, ಇಬ್ಬರು ಹೇಗಾದೆನೋ ತಿಳಿಯಲಿಲ್ಲ ಎಂದ. ಅದಕ್ಕೂ ಹೂಂ.

ಕೊನೆಗೆ ದುರ್ಗಾ ಹೇಳಿದಳು. "ಕನಸೇನೂ ಬೀಳ್ಲಿಲ್ಲ ಮಾವ. ಮಲಗಿದ್ದೇ ಗೊತ್ತು. ಆದ್ರೆ ಎದ್ದು ನೋಡಿದ್ರೆ ಮಗೂಗೆ ನನ್ ಸೆರಗು ಹೊದಿಸಿತ್ತು, ಕಾಲಿನ ತಂಕ, ನೀಟಾಗಿ. ನಾನು ಹೊದಿಸಿದ್ದು ನಂಗೊತ್ತಿಲ್ಲ. ಇವ್ರನ್ನ ಕೇಳಿದ್ರೆ ನಾನಲ್ಲ ಅಂತಾರೆ."

ಜಯಣ್ಣ ದಿಂಬು ಕೆಳಗಿಟ್ಟು ಮಗುವನ್ನು ನೋಡಿದ. ಲಕ್ಷ್ಮೀನರಸಪ್ಪನವರಿಗೆ ಅದಕ್ಕೊಂದು ಅರ್ಥ ಹೇಳಿಬಿಡಬೇಕೆಂದು ಬಾಯಿಯವರೆಗೂ ಬಂತು. ಹೂಂ ಎಂದಷ್ಟೇ ಹೇಳಿ, ಇನ್ನು ಹೋಗಿ ಮುಖ ತೊಳೆಯಿರಿ ಎನ್ನುವಂತೆ ಕೈ ಮಾಡಿದರು.

ದುರ್ಗಾ ಏಳಲಿಲ್ಲ. "ನಿಮಗೆ ಬಂತಾ ಮಾವ ನಿದ್ದೆ?" ಎಂದಳು.

ಬೋಧೆ ಕೊಡುವವರನ್ನು ಹಾಗೆ ಯಾರೂ ಕೇಳಿದ್ದಿಲ್ಲ. ಅವರು 'ಹೂಂ' ಎಂದು ದಾಟಿಸಲು ಹೋಗಿ, ಹುಡುಗಿ ನಿಜಕ್ಕೂ ಕೇಳುತ್ತಿದ್ದಾಳೆ ಎಂದು ತಿಳಿದು ನಿಂತರು. ಹಿಂದಿನ ದಿನ ಕತ್ತಲಾಗುತ್ತಲೇ ತಲೆಯಿಟ್ಟದ್ದು ನೆನಪಿತ್ತು. ರೆಪ್ಪೆ ಭಾರವಾದದ್ದು ನೆನಪಿತ್ತು, ಎದ್ದು ಕೂರಬೇಕೆನ್ನಿಸದಿದ್ದದ್ದೂ. ಆಮೇಲೆ ದೊಡ್ಡಕ್ಕನ ಪೊರಕೆಯ ಸದ್ದು.

"ಬಂತು ಕಣಮ್ಮ," ಎಂದರು. "ಆಸ್ಪತ್ರೆಯಿಂದ ಬಂದ್ಮೇಲೆ ಇವತ್ತೇ ಚೆನ್ನಾಗಿ ಬಂದಿದ್ದು."